ಇದ್ದಿಲು ಉರಿಯುತ್ತದೆ, ರಾಕೆಟ್ ನಾಜಲ್ ಏಕೆ ಉರಿಯುವುದಿಲ್ಲ?

ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಹತ್ತನೆಯ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕ ನನ್ನ ಪಾಲಿಗೆ ಬಂತು. ಗ್ರಾಫೈಟ್ 3000 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕರಗುವುದಿಲ್ಲ, ಅದಕ್ಕೇ ಕಾರ್ಬನ್ನನ್ನು ರಾಕೆಟ್ಟಿನಲ್ಲಿ ಬಳಸುತ್ತಾರೆ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಮಿಸ್, ನಮ್ಮಪ್ಪನ ಇಸ್ತ್ರಿಪೆಟ್ಟಿಗೆ ಇದ್ದಿಲೂ ಕಾರ್ಬನ್ನೇ ಅಲ್ವಾ? ಅದು ಬೂದಿ ಆಗೋಗುತ್ತಲ್ಲ?” ಎಂದಳು. “ನಾಳೆ ಹೇಳುತ್ತೇನೆ” ಎಂದು ಮುಂದಕ್ಕೆ ಹೋದೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಕರಗುವುದು ಬೇರೆ, ಉರಿಯುವುದು ಬೇರೆ.

ನಾನು ಎಡವಿದ್ದು ಅಲ್ಲೇ. ಕಾರ್ಬನ್ ಬರಿಯ ಶಾಖವನ್ನು ತಡೆಯುತ್ತದೆ. ಬಿಸಿಯಾದಾಗ ಆಕ್ಸಿಜನ್ ಸಿಕ್ಕರೆ ತಡೆಯುವುದಿಲ್ಲ. ಗಾಳಿಯಲ್ಲಿ ಸುಮಾರು 500 ಡಿಗ್ರಿಗೇ ಸವೆಯತೊಡಗುತ್ತದೆ.

ಮರುದಿನ ಇಸ್ತ್ರಿಗಾಡಿಯಿಂದ ತಂದ ಎರಡು ಇದ್ದಿಲ ತುಂಡುಗಳನ್ನು ಅಂಗಳದಲ್ಲಿ ಒಂದೇ ಒಲೆಗೆ ಹಾಕಿದೆವು. ಒಂದಕ್ಕೆ ಜೇಡಿಮಣ್ಣು ಮೆತ್ತಿ, ಹಿಂದಿನ ಸಂಜೆಯಿಂದ ಒಣಗಿಸಿದ್ದೆ. ಬರಿಯ ತುಂಡು ಬೂದಿಯಾಯಿತು. ಇನ್ನೊಂದರ ಮಣ್ಣು ಒಡೆದು ನೋಡಿದರೆ ಒಳಗೆ ಕಪ್ಪಗೇ ಉಳಿದಿತ್ತು, ಒಂದು ಕಡೆ ಮಾತ್ರ ಬೂದಿಯ ಗೆರೆ. ಅಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಈ ಬಿರುಕು ನಾನು ಯೋಜಿಸಿದ್ದಲ್ಲ; ಪಾಠಕ್ಕೆ ಹೆಚ್ಚು ಒದಗಿದ್ದು ಅದೇ.

ಆಮೇಲೆ ಪತ್ರಿಕೆಯ ತುಣುಕು ತೋರಿಸಿದೆ. ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವು ಪಿಎಸ್‌ಎಲ್‌ವಿಯ ನಾಲ್ಕನೇ ಹಂತಕ್ಕೆ ಕಾರ್ಬನ್–ಕಾರ್ಬನ್ ನಾಜಲ್ ರೂಪಿಸಿದೆ. ಕಾರ್ಬನ್ ನಾರುಗಳ ನಡುವಿನ ಸಂದನ್ನೂ ಕಾರ್ಬನ್ನಿನಿಂದಲೇ ತುಂಬಿದ ವಸ್ತು ಅದು. ಕೊಲಂಬಿಯಂ ಮಿಶ್ರಲೋಹದ ನಾಜಲ್‌ಗಿಂತ ತೂಕ ಶೇ. 67 ಕಡಿಮೆ, ರಾಕೆಟ್ 15 ಕಿಲೋ ಹೆಚ್ಚು ಹೊರಬಲ್ಲದು. 2024ರ ಏಪ್ರಿಲ್ 2ರಂದು ಮಹೇಂದ್ರಗಿರಿಯಲ್ಲಿ 200 ಸೆಕೆಂಡು ಉರಿಸಿದಾಗ ಅದರ ತಾಪ 1216 ಕೆಲ್ವಿನ್, ಅಂದರೆ ಸುಮಾರು 943 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಅದರ ಮೇಲಿನ ಸಿಲಿಕಾನ್ ಕಾರ್ಬೈಡ್ ಲೇಪವೇ ನಮ್ಮ ಜೇಡಿಮಣ್ಣು.

“ಮೇಲೆ ಗಾಳಿಯೇ ಇಲ್ಲವಲ್ಲ, ಲೇಪ ಯಾಕೆ?” ಎಂದ ಒಬ್ಬ. ಈ ಸಲ ತಡವರಿಸಲಿಲ್ಲ. ಇಂಧನದ ಹೈಡ್ರೋಜನ್, ಆಕ್ಸಿಡೈಸರ್‌ನ ಆಕ್ಸಿಜನ್ ಸೇರಿ ಹೊರಹೋಗುವ ಅನಿಲದಲ್ಲೇ ನೀರಾವಿ ಇರುತ್ತದೆ. ಕಾದ ಕಾರ್ಬನ್ ಮತ್ತು ನೀರಾವಿ ವರ್ತಿಸಿದರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್. ಸಮೀಕರಣವನ್ನು ಅವನಿಂದಲೇ ಕಪ್ಪುಹಲಗೆಯ ಮೇಲೆ ಬರೆಸಿದೆ.

ಹೋಲಿಕೆಗೂ ಮಿತಿಯಿದೆ ಎಂದು ಹೇಳಲೇಬೇಕಾಯಿತು. ಮಣ್ಣು ಬಿರಿದದ್ದು ನೀರು ಆರಿದ್ದಕ್ಕೆ. ಸಿಲಿಕಾನ್ ಕಾರ್ಬೈಡ್ ಲೇಪವನ್ನು ಹೆಚ್ಚು ತಾಪದಲ್ಲಿ ಕೂರಿಸುತ್ತಾರೆ. ತಣಿಯುವಾಗ ಅದು ಒಳಗಿನ ಕಾರ್ಬನ್ನಿಗಿಂತ ಹೆಚ್ಚು ಕುಗ್ಗಿ ಸಣ್ಣ ಬಿರುಕು ಬಿಡಬಹುದು. ಕಾದಾಗ ಮೆತ್ತಗಾಗಿ ಹರಿದು ಬಿರುಕು ಮುಚ್ಚುವ ಗಾಜಿನಂಥ ಪದರವನ್ನು ಇಂಥ ಲೇಪಗಳಿಗೆ ಸೇರಿಸುವುದು ಇದಕ್ಕಾಗಿ.

ಘಟಕ ಪರೀಕ್ಷೆಯಲ್ಲಿ “ಲೇಪ ಏಕೆ ಬೇಕು?” ಎಂದು ಕೇಳಿದ್ದೆ. ಏಳು ಮಂದಿ ಆಗಲೂ “ಕಾರ್ಬನ್ ಕರಗದಿರಲು” ಎಂದೇ ಬರೆದಿದ್ದರು. ಪಾಠಯೋಜನೆ ತಿದ್ದಿದ್ದೇನೆ: ಈಗ ಮೊದಲು ಇಸ್ತ್ರಿಪೆಟ್ಟಿಗೆ, ಆಮೇಲೆ 3000 ಡಿಗ್ರಿ.