ಅಠಾರಾ ಕಚೇರಿ: ಒಂದು ಹೆಸರಿನ ಓದು

ಬೆಂಗಳೂರಿಗೆ ಅಧ್ಯಯನ ಪ್ರವಾಸ ಹೋದ ನಮ್ಮ ವಿದ್ಯಾರ್ಥಿಗಳು ವಿಧಾನಸೌಧವನ್ನು ಕಣ್ತುಂಬ ನೋಡಿ, ಎದುರಿನ ಕೆಂಪು ಕಟ್ಟಡದತ್ತ ತಿರುಗಿದರು. ಅದು ಇಂದಿನ ಕರ್ನಾಟಕ ಉಚ್ಚ ನ್ಯಾಯಾಲಯ; ಜನರ ಬಾಯಲ್ಲಿ ಅಠಾರಾ ಕಚೇರಿ. ಪಕ್ಕದಲ್ಲಿ ನಿಂತಿದ್ದ ಬೇರೆ ಊರಿನ ವಿದ್ಯಾರ್ಥಿಗಳು 'ಅಠಾರಾ ಎಂದರೇನು?' ಎಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು. ತನ್ನದು ಬೆರಕೆ ಕನ್ನಡವೆಂಬ ಅಳುಕಿನಿಂದ ಅಂದೆಲ್ಲ ಮೌನವಾಗಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು ಮೆಲ್ಲಗೆ 'ಹದಿನೆಂಟು' ಎಂದಳು. ಮರಾಠಿಯ 'ಅಠರಾ' ಅವಳಿಗೆ ಮನೆಯ ಮಾತು.

ಈ ಕಟ್ಟಡದ ಕೆಲಸ 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿಯಿತು. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿದ್ದ ಸರಕಾರಿ ಇಲಾಖೆಗಳಿಗಾಗಿ ಇದನ್ನು ಕಟ್ಟಿಸಲಾಯಿತು. ಆದರೆ ಹೆಸರು ಕಟ್ಟಡಕ್ಕಿಂತ ಹಳೆಯದು. ಚಿಕ್ಕದೇವರಾಜ ಒಡೆಯರು (1673–1704) ಔರಂಗಜೇಬನ ಆಸ್ಥಾನಕ್ಕೆ ನಿಯೋಗ ಕಳುಹಿಸಿದ ಬಳಿಕ, ಮೊಗಲರ ಮಾದರಿಯಲ್ಲಿ ಹದಿನೆಂಟು ಇಲಾಖೆಗಳನ್ನು ಏರ್ಪಡಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. ಇತ್ತ ಮರಾಠಾ ರಾಜ್ಯವ್ಯವಹಾರದಲ್ಲಿಯೂ 'ಅಠರಾ ಕಾರಖಾನೆ, ಬಾರಾ ಮಹಾಲ' ಎಂಬ ವಿಭಾಗಗಳಿದ್ದುದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಕೃಷ್ಣೆಯ ಆಚೆಗೂ ಕಾವೇರಿಯ ದಂಡೆಗೂ ಆಡಳಿತದ ಲೆಕ್ಕ ಹದಿನೆಂಟೇ ಆಗಿತ್ತು.

'ಕಚೇರಿ'ಯ ಪಯಣವೂ ಸ್ವಾರಸ್ಯಕರ. ನಮ್ಮ ಹಿರಿಯರು ಇಂದಿಗೂ ಮಾಮಲೇದಾರ ಕಚೇರಿ ಎನ್ನುತ್ತಾರೆ. ನಮ್ಮ ಊರಿನ ಮರಾಠಿ ಫಲಕಗಳಲ್ಲಿ ಮಾತ್ರ ಆ ಸ್ಥಾನಕ್ಕೆ 'ಕಾರ್ಯಾಲಯ' ಬಂದಿದೆ. ಕರ್ನಾಟಕದ ಫಲಕಗಳಲ್ಲಿ ಕಚೇರಿ ಉಳಿದುಕೊಂಡಿದೆ. ಅಷ್ಟೇ ಅಲ್ಲ, ಸಂಗೀತ ಕಚೇರಿಯಾಗಿ ಗಾನಸಭೆಯನ್ನೂ ಸೇರಿದೆ.

ಎದುರಿನ ವಿಧಾನಸೌಧಕ್ಕೆ 1951ರಲ್ಲಿ ಶಂಕುಸ್ಥಾಪನೆಯಾಯಿತು. 1956ರಲ್ಲಿ ಕಟ್ಟಡ ಪೂರ್ಣಗೊಂಡಿತು. ಮಹಾರಾಷ್ಟ್ರದಲ್ಲಿ ಅಂಥದೇ ಕಟ್ಟಡ 'ವಿಧಾನ ಭವನ'. ಸಂಸ್ಕೃತದ 'ಸೌಧ' ಬಂದದ್ದು 'ಸುಧಾ', ಅಂದರೆ ಸುಣ್ಣ, ಎಂಬ ಶಬ್ದದಿಂದ. ಸುಣ್ಣ ಬಳಿದ ಮಾಳಿಗೆಯೇ ಸೌಧ. ಆದರೆ ನಮ್ಮ ಕಣ್ಣೆದುರಿನ ಸೌಧ ಸುಣ್ಣವನ್ನು ಬಯಸದ ಗ್ರಾನೈಟ್ ಶಿಲೆಯದು. ಪದಗಳು ಹುಟ್ಟಿದ ಅರ್ಥದಲ್ಲಿಯೇ ಕಟ್ಟಿಬಿದ್ದಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

1956ರ ನವೆಂಬರ್ 1ರ ಏಕೀಕರಣದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆ ಹೊರಗುಳಿಯಿತು. ಆದ್ದರಿಂದ ಆ ಸೌಧದ ಮುಂದೆ ನಾವು ಅತಿಥಿಗಳಂತೆ ನಿಲ್ಲುತ್ತೇವೆ. ಆದರೆ ಅಠಾರಾ ಕಚೇರಿಯ ಮುಂದೆ ಅತಿಥಿಗಳಾಗಬೇಕಾಗಿಲ್ಲ. ಕನ್ನಡನಾಡಿನ ರಾಜಧಾನಿಯ ನಡುವಿನ ಹೆಸರೊಂದು ನಮ್ಮ ಇಮ್ಮಾತಿನಿಂದಲೇ ಬಿಚ್ಚಿಕೊಂಡಿತು. ಬೆರಕೆ ಎಂದು ನಾವು ನಾಚುವ ನುಡಿ, ಎರಡು ಬಾಗಿಲುಗಳನ್ನು ತೆರೆಯುವ ಒಂದು ಕೀಲಿಕೈ.

ಅಭ್ಯಾಸ: ನಿಮ್ಮ ತಾಲೂಕಿನ ಸರಕಾರಿ ಕಟ್ಟಡಕ್ಕೆ ಹೋಗಿ ಫಲಕಗಳಲ್ಲಿನ ಹತ್ತು ಪದಗಳನ್ನು ಬರೆದುಕೊಳ್ಳಿರಿ. ಅವುಗಳಿಗೆ ಮನೆಯಲ್ಲಿ ಬಳಸುವ ಕನ್ನಡ ಪದಗಳನ್ನು ಹಿರಿಯರಿಂದ ಕೇಳಿ ಎದುರಿಗೆ ಬರೆಯಿರಿ. ಯಾವ ಪದ ಎರಡೂ ಭಾಷೆಗಳಲ್ಲಿ ಬದುಕಿದೆ, ಯಾವುದು ಒಂದರಲ್ಲಿ ಮಾತ್ರ ಉಳಿದಿದೆ ಎಂಬುದನ್ನು ಗುರುತಿಸಿರಿ.