ಹಾರುವ ಗುಂಡಿನ ವೇಗ ಅಳೆಯೋದು ಹೇಗೆ?

ಕ್ಯಾಟರ್‌ಬಿಲ್ಲಿನಿಂದ ಹಾರಿದ ಕಲ್ಲು ಕಣ್ಣಿಗೆ ಸರಿಯಾಗಿ ಕಾಣೋದೇ ಇಲ್ಲ. ಗಡಿಯಾರ ಹಿಡಿದು ಅದರ ವೇಗ ಅಳೆಯಲು ಆಗದು. ಇದಕ್ಕೆ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರ ತನ್ನ ಪುಸ್ತಕದಲ್ಲಿ ಉಪಾಯ ಕೊಟ್ಟಿದ್ದಾನೆ. ತೂಗುಬಿಟ್ಟ ಮರದ ಹಲಗೆಗೆ ಬಂದೂಕಿನ ಗುಂಡು ಹೊಡೆದು, ಹಲಗೆ ಎಷ್ಟು ತೂಗಿತು ಅಂತ ನೋಡಿ ಗುಂಡಿನ ವೇಗ ಲೆಕ್ಕ ಹಾಕಿದ. ಈತ 1751ರಲ್ಲಿ ತೀರಿಕೊಂಡದ್ದು ನಮ್ಮ ದೇಶದಲ್ಲೇ, ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ.

ಈಗ ಲೆಕ್ಕ ನೋಡೋಣ. ಅಂಕಿಗಳನ್ನು ಸುಲಭವಾಗಲಿ ಅಂತ ನಾನೇ ಆರಿಸಿಕೊಂಡಿದ್ದೇನೆ. ಮಣ್ಣಿನ ಗುಂಡು 20 ಗ್ರಾಂ. ಹಸಿ ಜೇಡಿಮಣ್ಣು ತುಂಬಿ ದಾರದಲ್ಲಿ ತೂಗುಬಿಟ್ಟ ಪೆಟ್ಟಿಗೆ 980 ಗ್ರಾಂ. ಗುಂಡು ಪೆಟ್ಟಿಗೆಯಲ್ಲಿ ಹೂತುಕೊಂಡ ಮೇಲೆ ಒಟ್ಟು 1 ಕಿ.ಗ್ರಾಂ. ಪೆಟ್ಟಿಗೆ 1.25 ಸೆಂ.ಮೀ. ಮೇಲೇರಿತು ಅನ್ನೋಣ. g = 10 ಮೀ/ಸೆ² ಇರಲಿ.

ಹೆಜ್ಜೆ 1: ಪೆಟ್ಟಿಗೆ ಮೇಲೇರುವಾಗ ಚಲನಶಕ್ತಿ ಪ್ರಚ್ಛನ್ನ ಶಕ್ತಿಯಾಗುತ್ತದೆ.
½ V² = g h
V² = 2 × 10 × 0.0125 = 0.25
V = 0.5 ಮೀ/ಸೆ.

ಹೆಜ್ಜೆ 2: ಗುಂಡು ಹೂತುಕೊಳ್ಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆಗ ದಾರ ನೆಟ್ಟಗೇ ಇರುತ್ತದೆ, ಅಡ್ಡಕ್ಕೆ ಎಳೆಯೋರು ಯಾರೂ ಇಲ್ಲ. ಆದ್ದರಿಂದ ಸಂವೇಗ ಬದಲಾಗದು.
0.02 × v = 1 × 0.5
v = 25 ಮೀ/ಸೆ, ಅಂದರೆ ಗಂಟೆಗೆ 90 ಕಿ.ಮೀ.!

ಎರಡು ಹೆಜ್ಜೆ ಯಾಕೆ, ಗುಂಡಿನ ಚಲನಶಕ್ತಿಯನ್ನೇ ನೇರವಾಗಿ ಪ್ರಚ್ಛನ್ನ ಶಕ್ತಿಗೆ ಸಮ ಮಾಡಿದರೆ ಸಾಲದೇ? ಸಾಲದು. ಹಾಗೆ ಮಾಡಿದರೆ ಬರೋದು ಬರೀ 3.5 ಮೀ/ಸೆ. ಕೈಯಲ್ಲಿ ಎಸೆದ ಕಲ್ಲೂ ಅದಕ್ಕಿಂತ ಜೋರಾಗಿ ಹೋಗುತ್ತದೆ. ಗುಂಡಿನಲ್ಲಿದ್ದ ಶಕ್ತಿ 6.25 ಜೌಲ್, ಹೂತ ಮೇಲೆ ಉಳಿದ ಚಲನಶಕ್ತಿ 0.125 ಜೌಲ್. ನೂರಕ್ಕೆ 98 ಪಾಲು ಮಣ್ಣನ್ನು ಜಜ್ಜುವುದಕ್ಕೆ, ಬಿಸಿಗೆ, ಸದ್ದಿಗೆ ಹೋಯಿತು. ಶಕ್ತಿ ನಾಶವಾಗಿಲ್ಲ, ರೂಪ ಬದಲಿಸಿದೆ.

ಇನ್ನೊಂದು ಮಾತು. ಮಣ್ಣನ್ನು ಜಜ್ಜುವ ಆ ಶಕ್ತಿ ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ, ಹಕ್ಕಿಗೆ ತಗುಲಿದರೆ ಪ್ರಾಣವೇ ಹೋಗುತ್ತದೆ. ಆದ್ದರಿಂದ ಈ ಪ್ರಯೋಗವನ್ನು ಮೇಷ್ಟ್ರು ಎದುರಿಗಿದ್ದಾಗ ಮಾತ್ರ ಮಾಡಿ.

ನಿಮಗೊಂದು ಲೆಕ್ಕ: ಗುಂಡು 10 ಗ್ರಾಂ, ಪೆಟ್ಟಿಗೆ 490 ಗ್ರಾಂ, ಏರಿದ ಎತ್ತರ 0.8 ಸೆಂ.ಮೀ. ವೇಗ ಎಷ್ಟು? ಬಿಡಿಸಿ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.