ಮಡಿಕೆ ಬೀಳದೆ ತಲುಪಲಿ: ಕಲಾಪ್ರಿಂಟ್ ಕಳಿಸುವವರಿಗೆ ಹತ್ತು ಪಾಠ

ಬೆಂಗಳೂರಿನ ಚಿತ್ರಸಂತೆಯಲ್ಲಿ ಮಾರುವಾಗ ಪ್ಯಾಕಿಂಗ್ ಎಂದರೆ ಒಂದು ಪ್ಲಾಸ್ಟಿಕ್ ಕವರು, ಒಂದು ರಬ್ಬರ್ ಬ್ಯಾಂಡು. ಕೊಂಡವರು ಕುಮಾರಕೃಪಾ ರಸ್ತೆಯಿಂದ ಮನೆಯವರೆಗೆ ತಾವೇ ಜೋಪಾನವಾಗಿ ಒಯ್ಯುತ್ತಾರೆ. ಅದೇ ಚಿತ್ರ ಬೇಕೆಂದು ಮುಂದಿನ ತಿಂಗಳು ಕಲಬುರಗಿಯಿಂದಲೋ ಪುಣೆಯಿಂದಲೋ ಫೋನ್ ಬಂದಾಗ ಕೆಲಸ ಬೇರೆಯೇ ಆಗುತ್ತದೆ. ಲಿನೋಕಟ್, ಡಿಜಿಟಲ್ ಪ್ರಿಂಟ್ ಎರಡನ್ನೂ ಕಳಿಸಿ ಕಳಿಸಿ ನನಗೆ ಖಚಿತವಾದದ್ದು ಇಷ್ಟು: ಭದ್ರತೆಗೂ ಉಳಿತಾಯಕ್ಕೂ ಜಗಳವಿಲ್ಲ. ಪೊಟ್ಟಣದೊಳಗಿನ ಖಾಲಿ ಜಾಗ ಕಡಿಮೆಯಾದಷ್ಟೂ ಚಿತ್ರ ಕ್ಷೇಮ, ಖರ್ಚೂ ಕಡಿಮೆ.

1. ಚಿತ್ರದ ಅಳತೆ ನಿರ್ಧರಿಸುವಾಗಲೇ ಪ್ಯಾಕಿಂಗ್ ನೆನೆಯಿರಿ

ಎ0 ಹಾಳೆ ಎಂದರೆ ಒಂದು ಚದರ ಮೀಟರ್. ಎ3 ಅದರ ಎಂಟನೇ ಒಂದು ಭಾಗ. ಹಾಗಾಗಿ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ) ದಪ್ಪ ಕಾಗದದಲ್ಲೂ ಒಂದು ಎ3 ಪ್ರಿಂಟ್ ತೂಗುವುದು 37.5 ಗ್ರಾಂ ಮಾತ್ರ. ಚಿತ್ರ ಹಗುರ, ನಾವು ದುಡ್ಡು ಕೊಡುವುದು ರಟ್ಟಿಗೆ, ಕೊಳವೆಗೆ, ಅದರೊಳಗಿನ ಗಾಳಿಗೆ. ಎ4, ಎ3 ಎಂದು ಎರಡೇ ಅಳತೆ ಇಟ್ಟುಕೊಂಡರೆ ರಟ್ಟನ್ನು ಒಮ್ಮೆಗೇ ಕತ್ತರಿಸಿಡಬಹುದು. ಕೊಂಡವರಿಗೆ ಆ ಅಳತೆಯ ಸಿದ್ಧ ಫ್ರೇಮೂ ಅಂಗಡಿಯಲ್ಲಿ ಸಿಗುತ್ತದೆ. ಬೇಕಾಬಿಟ್ಟಿ ಅಳತೆಯಲ್ಲಿ ಮುದ್ರಿಸಿದರೆ ಪ್ರತಿ ಪೊಟ್ಟಣವೂ ಹೊಸ ಕೆಲಸ.

2. ತಕ್ಕಡಿಯಷ್ಟೇ ಅಳತೆ ಟೇಪನ್ನೂ ನಂಬಿ

ಕೊರಿಯರ್‌ನವರು ನಿಜವಾದ ತೂಕದ ಜೊತೆಗೆ ಗಾತ್ರದ ತೂಕವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ; ಬಂದದ್ದು ಕೆಜಿ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಹೊರಗಿನಿಂದ 10 ಸೆಂ.ಮೀ. ವ್ಯಾಸ, 52 ಸೆಂ.ಮೀ. ಉದ್ದದ ಕೊಳವೆಯ ಗಾತ್ರದ ತೂಕ 1.04 ಕೆಜಿ. ಅದನ್ನೇ 46 ಸೆಂ.ಮೀ.ಗೆ ಕತ್ತರಿಸಿದರೆ 0.92. ಎ2 ಹಾಳೆಯ ಅಗಲ 42 ಸೆಂ.ಮೀ. ಆದ್ದರಿಂದ 46ರಲ್ಲಿ ಅದು ಆರಾಮವಾಗಿ ಕೂರುತ್ತದೆ. ಅನೇಕ ಕಡೆ ದರ ಅರ್ಧರ್ಧ ಕೆಜಿಗೆ ಏರುವುದರಿಂದ ಆ ಆರು ಸೆಂಟಿಮೀಟರ್ ಖಾಲಿ ಕೊಳವೆಗೆ ಇನ್ನೊಂದು ಅರ್ಧ ಕೆಜಿಯ ದುಡ್ಡು ತೆರಬೇಕಾಗುತ್ತದೆ. ಕಳಿಸುವ ಮುನ್ನ ನಿಮ್ಮ ಕೊರಿಯರ್ ಯಾವ ಸಂಖ್ಯೆಯಿಂದ ಭಾಗಿಸುತ್ತದೆ ಎಂದು ಕೇಳಿಕೊಳ್ಳಿ.

3. ಎ3 ತನಕ ಚಪ್ಪಟೆ, ಅದಕ್ಕೂ ದೊಡ್ಡದಾದರೆ ಕೊಳವೆ

34×46×1 ಸೆಂ.ಮೀ.ನ ಚಪ್ಪಟೆ ಪೊಟ್ಟಣದ ಗಾತ್ರದ ತೂಕ 0.31 ಕೆಜಿ ಮಾತ್ರ. ಬಿಚ್ಚಿದ ಕೂಡಲೇ ಫ್ರೇಮಿಗೆ ಹಾಕಬಹುದು, ಸುರುಳಿ ಬಿಡಿಸುವ ಕಷ್ಟವಿಲ್ಲ. ಎ2, ಎ1ಕ್ಕೆ ಬಂದರೆ ರಟ್ಟು ದೊಡ್ಡದಾದಷ್ಟೂ ಬಾಗುತ್ತದೆ, ಅಲ್ಲಿ ಕೊಳವೆಯೇ ವಾಸಿ. ದಪ್ಪ ಕಾಗದಕ್ಕೆ ಸಣ್ಣ ಕೊಳವೆ ಬೇಡ. ಬಿಗಿಯಾಗಿ ಸುತ್ತಿದ ಹಾಳೆ ವಾರಗಟ್ಟಲೆ ನೆಟ್ಟಗಾಗುವುದಿಲ್ಲ. ಚಿತ್ರದ ಮುಖ ಹೊರಗೆ ಬರುವಂತೆ ಸುತ್ತಿದರೆ ಬಿಚ್ಚಿ ಮೇಜಿನ ಮೇಲಿಟ್ಟಾಗ ಅಂಚುಗಳು ಮೇಲೇಳದೆ ಕೆಳಕ್ಕೆ ಕೂರುತ್ತವೆ. ಮೈಸೂರು ಶೈಲಿಯಲ್ಲಿ ಗೆಸ್ಸೋ ಉಬ್ಬು ಕೆಲಸ, ಚಿನ್ನದ ರೇಕು ಇರುವಂಥದ್ದನ್ನು ಮಾತ್ರ ಯಾವ ಅಳತೆಯಲ್ಲೂ ಸುತ್ತಬೇಡಿ, ಉಬ್ಬು ಬಿರಿಯುತ್ತದೆ.

4. ಗಾಜು ಹಾಕಿ ಕಳಿಸಬೇಡಿ

ಒಡೆದ ಗಾಜು ತಾನು ಹಾಳಾಗುವುದಲ್ಲದೆ ಚಿತ್ರವನ್ನೂ ಕೊಯ್ಯುತ್ತದೆ. ಫ್ರೇಮ್ ಬೇಕೇಬೇಕು ಎಂದರೆ ಗಾಜಿನ ಬದಲು ಅಕ್ರಿಲಿಕ್ ಹಾಕಿಸಿ. ಫ್ರೇಮನ್ನು ನಿಮ್ಮ ಊರಲ್ಲೇ ಹಾಕಿಸಿಕೊಳ್ಳಿ ಎಂದು ಕೊಂಡವರಿಗೆ ಹೇಳಿದರೆ ಇಬ್ಬರಿಗೂ ಲಾಭ.

5. ಮಸಿ ಒಣಗುವವರೆಗೆ ತಾಳ್ಮೆ ಇರಲಿ

ಲಿನೋಕಟ್‌ಗೆ ಬಳಸುವ ಎಣ್ಣೆ ಆಧಾರಿತ ಮಸಿ ನೀರಿನಂತೆ ಆರುವುದಿಲ್ಲ. ಅದರ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತದೆ. ದಪ್ಪಗೆ ಹಚ್ಚಿದ ಕಪ್ಪು, ಅದರಲ್ಲೂ ಮಳೆಗಾಲದಲ್ಲಿ, ವಾರಗಟ್ಟಲೆ ಕಾಯಿಸುತ್ತದೆ. ಬಿಳಿ ಕಾಗದದ ಚೂರನ್ನು ಚಿತ್ರದ ಒಂದು ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿ ತೆಗೆಯಿರಿ. ಕಲೆ ಹತ್ತಿದರೆ ಇನ್ನೂ ಹೊತ್ತಾಗಿಲ್ಲ. ಆರ್ಡರ್ ತೆಗೆದುಕೊಳ್ಳುವಾಗಲೇ ಈ ದಿನಗಳನ್ನೂ ಸೇರಿಸಿ ಹೇಳಿ.

6. ಚಿತ್ರಕ್ಕೆ ತಾಗುವುದು ಯಾವುದು ಎಂದು ನೋಡಿ

ದಿನಪತ್ರಿಕೆ ಬೇಡ. ಅದರ ಮಸಿ ಅಂಟುತ್ತದೆ, ಕಾಗದದಲ್ಲಿ ಆಮ್ಲವೂ ಇರುತ್ತದೆ. ಬಬಲ್ ಶೀಟನ್ನು ನೇರವಾಗಿ ಸುತ್ತಿದರೆ ಬಿಸಿಗೆ, ಒತ್ತಡಕ್ಕೆ ಗುಂಡುಗುಂಡಗಿನ ಗುರುತು ಮೂಡುತ್ತದೆ. ಮೊದಲ ಪದರ ಆಮ್ಲರಹಿತ ಗ್ಲಾಸಿನ್ ಅಥವಾ ಟಿಷ್ಯೂ ಕಾಗದವಾಗಿರಲಿ, ಅದರ ಮೇಲೆ ಪಾರದರ್ಶಕ ಕವರು. ಟೇಪು ಯಾವ ಕಾರಣಕ್ಕೂ ಚಿತ್ರಕ್ಕೆ ತಾಗಕೂಡದು. ಹಳೆಯ ಆಲ್ಬಮ್ಮಿನಲ್ಲಿ ಫೋಟೋ ಕೂರಿಸುತ್ತಿದ್ದ ಹಾಗೆ ಕಾಗದದ ನಾಲ್ಕು ತ್ರಿಕೋನ ಮೂಲೆ ಮಡಚಿ, ಅವನ್ನು ರಟ್ಟಿಗೆ ಅಂಟಿಸಿ, ಒಳಗೆ ಚಿತ್ರದ ಮೂಲೆ ತೂರಿಸಿ. ಪೊಟ್ಟಣ ಎಷ್ಟು ಉರುಳಿದರೂ ಚಿತ್ರ ಜಾರುವುದಿಲ್ಲ.

7. ಎರಡು ರಟ್ಟಿನ ಗೆರೆ ಅಡ್ಡಡ್ಡ ಬರಲಿ

ಅಲೆರಟ್ಟು ತನ್ನ ಗೆರೆಯ ಗುಂಟ ಸುಲಭವಾಗಿ ಮಡಚಿಕೊಳ್ಳುತ್ತದೆ, ಗೆರೆಗೆ ಅಡ್ಡವಾಗಿ ಮಡಚುವುದಿಲ್ಲ. ಆದ್ದರಿಂದ ಮೇಲಿನ ರಟ್ಟಿನ ಗೆರೆ ಉದ್ದಕ್ಕೆ ಇದ್ದರೆ ಕೆಳಗಿನದರ ಗೆರೆ ಅಡ್ಡಕ್ಕೆ ಇರಬೇಕು. ಮೂರು ಪದರದ ಎರಡು ಸಾಧಾರಣ ರಟ್ಟು ಹೀಗೆ ಜೋಡಿಸಿದರೆ ಕೈಯಲ್ಲಿ ಬಾಗಿಸುವುದು ಕಷ್ಟ. ದುಬಾರಿ ದಪ್ಪ ರಟ್ಟಿನ ಅಗತ್ಯವೇ ಬೀಳುವುದಿಲ್ಲ. ಸುತ್ತಲೂ ಎರಡು ಸೆಂ.ಮೀ. ಹೆಚ್ಚಿಗೆ ಬಿಡಿ: ಪೊಟ್ಟಣ ಮೂಲೆಯ ಮೇಲೆ ಬಿದ್ದಾಗ ನುಜ್ಜಾಗುವುದು ರಟ್ಟಿನ ಮೂಲೆ, ಚಿತ್ರದ್ದಲ್ಲ. ಟಿವಿ ಅಂಗಡಿಯವರು ಬಿಸಾಡುವ ಪೆಟ್ಟಿಗೆಯಿಂದಲೂ ಕತ್ತರಿಸಿಕೊಳ್ಳಬಹುದು; ಹಳೆಯ ಮಡಿಕೆ, ತೇವ, ಹುಳು ಇಲ್ಲದ ಭಾಗ ಆರಿಸಿದರಾಯಿತು.

8. ಮಳೆಗೂ ಬೀಳುವುದಕ್ಕೂ ಸಿದ್ಧರಾಗಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕರಾವಳಿ ಮಲೆನಾಡಿಗಂತೂ, ಒಳಗಿನ ಕವರನ್ನು ಸಂದು ಉಳಿಯದಂತೆ ಮುಚ್ಚಿ. ಮುಚ್ಚುವ ಮುನ್ನ ಕಾಗದ ಒಣಗಿರಬೇಕು. ತೇವ ಹಿಡಿದ ಹಾಳೆಯನ್ನು ಪ್ಲಾಸ್ಟಿಕ್ಕಿನೊಳಗೆ ಕೂಡಿಹಾಕಿದರೆ ಅದು ಅಲ್ಲೇ ಅಲೆಅಲೆಯಾಗಿ ಉಬ್ಬುತ್ತದೆ, ಬೂಸ್ಟು ಹಿಡಿಯುತ್ತದೆ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ವಿಳಾಸ ಒಂದು ಹನಿಗೇ ಕದಡುತ್ತದೆ. ಮೇಲೆ ಪಾರದರ್ಶಕ ಟೇಪು ಹಾಕಿ, ಒಳಗೆ ಇನ್ನೊಂದು ವಿಳಾಸದ ಚೀಟಿ ಇಡಿ. ‘ಮಡಚಬೇಡಿ’ ಎಂದು ಬರೆಯಿರಿ, ಆದರೆ ಆ ಬರಹವನ್ನು ಯಾರೂ ಓದುವುದಿಲ್ಲ ಎಂದುಕೊಂಡೇ ಪ್ಯಾಕ್ ಮಾಡಿ. ಹೊಸ ಬಗೆಯ ಪೊಟ್ಟಣವನ್ನು ಸೊಂಟದೆತ್ತರದಿಂದ ಮೂಲೆ, ಅಂಚು, ಮುಖ ಮೂರರ ಮೇಲೂ ಬೀಳಿಸಿ, ಬಿಚ್ಚಿ ನೋಡಿ. ಆಮೇಲೆ ಗ್ರಾಹಕರಿಗೆ ಕಳಿಸಿ.

9. ಹೊರದೇಶಕ್ಕಾದರೆ ಕಾಗದಪತ್ರವೂ ಪ್ಯಾಕಿಂಗಿನ ಭಾಗ

ಅಂಚೆಯಲ್ಲಿ ಕಳಿಸುವುದಕ್ಕೆ ಕಸ್ಟಮ್ಸ್ ಘೋಷಣೆಯ ಸಿಎನ್ 22 ಅಥವಾ ಸಿಎನ್ 23 ನಮೂನೆ ಇದೆ. ‘ಕಾಗದದ ಮೇಲೆ ಲಿನೋಕಟ್ ಮುದ್ರಣ, ಫ್ರೇಮ್ ಇಲ್ಲ’ ಎಂದು ಸ್ಪಷ್ಟವಾಗಿ, ನಿಜವಾದ ಬೆಲೆಯೊಂದಿಗೆ ಬರೆಯಿರಿ. ಮಾರಾಟವನ್ನು ಉಡುಗೊರೆ ಎಂದು ಬರೆದರೆ ಸುಳ್ಳಾಗುತ್ತದೆ, ಸಿಕ್ಕಿಬಿದ್ದರೆ ಚಿತ್ರವೂ ನಿಲ್ಲುತ್ತದೆ. ವ್ಯಾಪಾರವಾಗಿಯೇ ಕಳಿಸುವವರು ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಮಾಡಿಸಿಕೊಳ್ಳಬೇಕು. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಮುಂದಿನ ದಾರಿ ತೋರಿಸುತ್ತವೆ. ಅಮೆರಿಕದ ಕನ್ನಡಿಗರು ಕೇಳಿದರೆ ಒಂದು ಮಾತು ಮೊದಲೇ ಹೇಳಿ: 800 ಡಾಲರ್‌ವರೆಗಿನ ಪೊಟ್ಟಣಕ್ಕಿದ್ದ ಸುಂಕ ವಿನಾಯಿತಿಯನ್ನು ಆ ದೇಶ 2025ರ ಆಗಸ್ಟ್ 29ರಿಂದ ನಿಲ್ಲಿಸಿದೆ. ಸುಂಕ ಬಿದ್ದರೆ ಯಾರು ಕಟ್ಟುವುದು ಎಂಬುದು ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಇತ್ಯರ್ಥವಾಗಲಿ.

10. ಹಾಳಾದರೆ ಏನು ಮಾಡುತ್ತೀರಿ ಎಂದು ಮೊದಲೇ ಬರೆದಿಡಿ

ಎಷ್ಟು ಎಚ್ಚರ ವಹಿಸಿದರೂ ಕೆಲವು ಹಾಳಾಗುತ್ತವೆ. ತೈಲಚಿತ್ರ ಹಾಳಾದರೆ ಇನ್ನೊಂದಿಲ್ಲ; ಪ್ರಿಂಟ್‌ನವರಿಗೆ ಆ ಮಟ್ಟಿಗೆ ಅದೃಷ್ಟ. ಹಾಗೆಂದು 12/50 ಎಂದು ಸಂಖ್ಯೆ ಹಾಕಿ ಸಹಿ ಮಾಡಿದ್ದಕ್ಕೆ ಸುಮ್ಮನೆ ಇನ್ನೊಂದು ಕಳಿಸುವಂತಿಲ್ಲ, ಆಗ ಐವತ್ತೇ ಪ್ರತಿ ಎಂಬ ಮಾತು ಸುಳ್ಳಾಗುತ್ತದೆ. ಹಾಳಾದದ್ದನ್ನು ವಾಪಸ್ ತರಿಸಿಕೊಳ್ಳಿ, ಇಲ್ಲವೇ ಅದನ್ನು ಸಂಖ್ಯೆಯ ಮೇಲೆ ಹಾದುಹೋಗುವಂತೆ ಹರಿದು, ಫೋಟೋ ತೆಗೆದು ಕಳಿಸಲು ಹೇಳಿ. ಅದು ನಾಶವಾದ ಮೇಲೆ ಅದೇ ಸಂಖ್ಯೆ ಹಾಕಿ ಬದಲಿ ಕೊಡಿ, ನಿಮ್ಮ ವಹಿಯಲ್ಲಿ ಬರೆದಿಡಿ. ಇದಕ್ಕಾಗಿಯೇ ಪ್ರತಿ ಮುದ್ರಣದ ಸರದಿಯಲ್ಲಿ ಸಹಿ ಹಾಕದ ಒಂದೆರಡು ಪ್ರತಿ ಎತ್ತಿಟ್ಟಿರಿ. ಆ ಪ್ರತಿಗಳ ಖರ್ಚು, ರಟ್ಟು, ಟೇಪು, ಪ್ಯಾಕ್ ಮಾಡಲು ಹಿಡಿಯುವ ಹೊತ್ತು, ಎಲ್ಲವನ್ನೂ ಕೂಡಿಸಿ ಚಿತ್ರದ ಬೆಲೆ ಕಟ್ಟಿ. ‘ಉಚಿತ ರವಾನೆ’ ಎಂದು ಹಾಕಿಕೊಂಡರೂ ಆ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ನಿಮ್ಮ ಬಳಿ ಇರಬೇಕು.